ಸದ್ದು ಕೇಳಿಸಿದರೂ ಮಾತು ತಿಳಿಯದ ಮಕ್ಕಳು

ಪಾತ್ರೆ ಬಿದ್ದ ಸದ್ದಿಗೆ ತಟ್ಟನೆ ತಿರುಗಿ ನೋಡುವ, ಬೀದಿಯಲ್ಲಿ ವಾದ್ಯ ಕೇಳಿಸಿದೊಡನೆ ಬಾಗಿಲಿಗೆ ಓಡುವ ಮಗುವೊಂದು, “ಗೂಡಿನಲ್ಲಿರುವ ಲೋಟ ತೆಗೆದುಕೊಂಡು ಬಾ” ಎಂದರೆ ಸುಮ್ಮನೆ ಮುಖ ನೋಡುತ್ತ ನಿಲ್ಲುವುದುಂಟು. ಕಿವಿ ಕೇಳಿಸುತ್ತದೆಂಬುದರಲ್ಲಿ ಮನೆಯವರಿಗೆ ಸಂದೇಹವಿಲ್ಲ. ಆದಕಾರಣ ಮಗು ಹಟಮಾರಿ, ಇಲ್ಲವೆ ಮೊದ್ದು ಎಂದು ಅವರು ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನವು ಅನೇಕ ವೇಳೆ ಆತುರದ್ದು. ಸದ್ದನ್ನು ಕೇಳುವುದು ಒಂದು ಕೆಲಸ. ಸದ್ದಿನೊಳಗಿಂದ ಮಾತನ್ನು ಬಿಡಿಸಿಕೊಳ್ಳುವುದು ಮತ್ತೊಂದು. ಮೊದಲನೆಯದು ಸಾಧ್ಯವಾದ ಮಾತ್ರಕ್ಕೆ ಎರಡನೆಯದೂ ಸಾಧ್ಯವೆಂದು ಹೇಳಲಾಗದು. ಇದು ಏಕೆಂದು ತಿಳಿಯಬೇಕಾದರೆ ಮಾತಿನ ಭೌತಿಕ ಸ್ವರೂಪವನ್ನು ಸ್ವಲ್ಪ ಪರಿಶೀಲಿಸಬೇಕು.

ಹಾಲು, ಕಾಲು, ಸಾಲು, ಪಾಲು—ಈ ನಾಲ್ಕು ಪದಗಳನ್ನು ವಾಚಕರು ಒಮ್ಮೆ ಗಟ್ಟಿಯಾಗಿ ಉಚ್ಚರಿಸಿ ನೋಡಲಿ. ನಾಲ್ಕರಲ್ಲಿಯೂ ‘ಆಲು’ ಎಂಬ ಭಾಗ ಒಂದೇ. ಒಂದರಿಂದ ಇನ್ನೊಂದನ್ನು ಬೇರ್ಪಡಿಸುವುದು ಮೊದಲಿನ ವ್ಯಂಜನ ಮಾತ್ರ. ಆದರೆ ಮಾತಿನ ಶಕ್ತಿಯ ಬಹುಭಾಗವಿರುವುದು ಸ್ವರಗಳಲ್ಲಿ. ಅದು ಹೆಚ್ಚಾಗಿ ಸೆಕೆಂಡಿಗೆ 1000ಕ್ಕಿಂತ ಕಡಿಮೆ ಕಂಪನಗಳುಳ್ಳದ್ದು. ವ್ಯಂಜನಗಳು ದುರ್ಬಲವಾದವು, ಕ್ಷಣಿಕವಾದವು. ‘ಪ’ಕಾರ ‘ಕ’ಕಾರಗಳ ಸ್ಫೋಟವು ಸೆಕೆಂಡಿನ ನೂರನೆಯ ಒಂದೆರಡು ಭಾಗಗಳಲ್ಲಿ ಮುಗಿದುಹೋಗುತ್ತದೆ. ‘ಸ’ಕಾರದ ಶಕ್ತಿಯು ಬಹುಮಟ್ಟಿಗೆ 4000 ಕಂಪನಗಳಿಗಿಂತ ಮೇಲಿರುತ್ತದೆ. ಹೀಗೆ ಮಾತಿನ ಬಲವು ಸ್ವರದಲ್ಲಿದ್ದರೆ, ಅದರ ಅರ್ಥಭೇದವು ಹೆಚ್ಚಾಗಿ ವ್ಯಂಜನದಲ್ಲಿದೆ. ಕಿವಿ ತುಸು ಮಂದವಾದರೂ, ಸುತ್ತ ಗದ್ದಲ ಹೆಚ್ಚಿದರೂ ಮೊದಲು ಅಳಿಸಿಹೋಗುವುದು ಈ ದುರ್ಬಲವಾದ ಅಂಶವೇ. ಆಗ ನಾಲ್ಕು ಪದಗಳೂ ಮಗುವಿಗೆ ಬರಿಯ ‘ಆಲು’ ಆಗುತ್ತವೆ.

ನಮ್ಮ ಭಾಷೆಯಲ್ಲಿ ಇನ್ನೊಂದು ವಿಶೇಷವುಂಟು. ‘ಪೆಟ್ಟಿಗೆಯಲ್ಲಿ’, ‘ಪೆಟ್ಟಿಗೆಯಿಂದ’, ‘ಪೆಟ್ಟಿಗೆಗೆ’ ಎಂಬಲ್ಲಿ ಅರ್ಥವನ್ನು ತಿರುಗಿಸುವ ಪ್ರತ್ಯಯವು ಪದದ ಕೊನೆಯಲ್ಲಿ ಬರುತ್ತದೆ. ವಾಕ್ಯ ಮುಗಿಯುವಾಗ ನಮ್ಮ ದನಿ ಇಳಿಯುವುದು ಸಹಜ. “ಮುಟ್ಟಬೇಡ” ಎಂಬುದರಲ್ಲಿ ನಿಷೇಧವಿರುವುದು ಕೊನೆಯ ‘ಬೇಡ’ದಲ್ಲಿ. ಮೊದಲ ಭಾಗವನ್ನಷ್ಟೇ ಹಿಡಿದ ಮಗು ಹೋಗಿ ಮುಟ್ಟುತ್ತದೆ. ಹೇಳಿದ ಮಾತು ಕೇಳಲಿಲ್ಲವೆಂದು ಪೆಟ್ಟು ತಿನ್ನುತ್ತದೆ. ದೊಡ್ಡವರಿಗಾದರೋ ಪದಸಂಪತ್ತು ಬೇಕಾದಷ್ಟಿರುವುದರಿಂದ ಕಳೆದುಹೋದ ಅಕ್ಷರವನ್ನು ಊಹೆಯಿಂದ ತುಂಬಿಕೊಳ್ಳುತ್ತಾರೆ. ಹಳೆಯ ದೂರವಾಣಿಯ ತಂತಿಯು ಸುಮಾರು 300ರಿಂದ 3400 ಕಂಪನಗಳನ್ನು ಮಾತ್ರ ಸಾಗಿಸುತ್ತಿದ್ದರೂ ಸಂಭಾಷಣೆ ನಡೆಯುತ್ತಿದ್ದುದು ಈ ಊಹಾಶಕ್ತಿಯಿಂದಲೇ. ಭಾಷೆಯನ್ನು ಇನ್ನೂ ಕಲಿಯುತ್ತಿರುವ ಮಗುವಿನಲ್ಲಿ ಈ ಬಂಡವಾಳವಿಲ್ಲ. ಆದ್ದರಿಂದ ಮಾತು ಗದ್ದಲಕ್ಕಿಂತ ಎಷ್ಟು ಮೇಲಿದ್ದರೆ ನಮಗೆ ಸಾಕೋ, ಮಕ್ಕಳಿಗೆ ಅಷ್ಟು ಸಾಲದು. ತರಗತಿಯಲ್ಲಿ ಉಪಾಧ್ಯಾಯರ ದನಿಯು ಗದ್ದಲಕ್ಕಿಂತ ಸುಮಾರು 15 ಡೆಸಿಬೆಲ್ ಮೇಲಿರಬೇಕೆಂದು ಶ್ರವಣಶಾಸ್ತ್ರಜ್ಞರು ಹೇಳುವುದು ಇದಕ್ಕಾಗಿಯೇ.

ಗದ್ದಲದ ಮಾತು ಬಂದಾಗ ದೊಡ್ಡಬಳ್ಳಾಪುರವನ್ನು ನೆನೆಯದಿರಲಾಗದು. ಆ ಊರಿನ ಎಷ್ಟೋ ಮನೆಗಳಲ್ಲಿ ವಿದ್ಯುತ್ ಮಗ್ಗಗಳಿವೆ. ಸೀರೆ ನೇಯುವ ಕೆಲಸವೂ ಮಕ್ಕಳ ಬಾಳುವೆಯೂ ಒಂದೇ ಸೂರಿನ ಕೆಳಗೆ ಸಾಗುತ್ತವೆ. ಲಾಳಿಯ ಮಗ್ಗಗಳು ಕೆಲವು ಒಟ್ಟಿಗೆ ಓಡುವ ಕೋಣೆಯಲ್ಲಿ ಶಬ್ದವು ಸುಮಾರು 90ರಿಂದ 100 ಡೆಸಿಬೆಲ್ ಇರುತ್ತದೆ. ಒಂದು ಮೀಟರ್ ದೂರದಲ್ಲಿ ಸಾಮಾನ್ಯ ಸಂಭಾಷಣೆಯ ದನಿ 60 ಡೆಸಿಬೆಲ್ ಮಾತ್ರ. ಅಲ್ಲಿ ಮಗುವಿಗೆ ಮಾತು ಕಲಿಸುವುದೆಂದರೆ ಆಗದ ಕೆಲಸ. ದೀರ್ಘಕಾಲದಲ್ಲಿ ಇಂಥ ಶಬ್ದವು ಕಿವಿಗೇ ಹಾನಿಕರ. ಆದುದರಿಂದ ಮಗುವಿನ ತೊಟ್ಟಿಲೂ ಆಟವೂ ಮಗ್ಗದ ಕೋಣೆಯಿಂದ ಹೊರಗಿರಬೇಕು.

ಪಕ್ಕದ ಕೋಣೆಯಲ್ಲಿ ಬಾಗಿಲು ಮುಚ್ಚಿದಾಗ ಗದ್ದಲವು 60 ಡೆಸಿಬೆಲ್‌ಗೆ ಇಳಿಯಿತೆಂದು ಇಟ್ಟುಕೊಳ್ಳೋಣ. ತಾಯಿ ಎರಡು ಮೀಟರ್ ದೂರದ ಒಲೆಯ ಬಳಿಯಿಂದ ಮಾತನಾಡಿದರೆ ಆಕೆಯ ದನಿ ಮಗುವಿನ ಕಿವಿಗೆ 54 ಡೆಸಿಬೆಲ್ ಆಗಿ ತಲಪುತ್ತದೆ; ಅದು ಗದ್ದಲಕ್ಕಿಂತ 6 ಕಡಿಮೆ. ದೂರವು ಅರ್ಧವಾದಂತೆಲ್ಲ ಶಬ್ದದ ತೀವ್ರತೆ ನಾಲ್ಕು ಪಟ್ಟಾಗುತ್ತದೆ, ಅಂದರೆ 6 ಡೆಸಿಬೆಲ್ ಏರುತ್ತದೆ. ಅದೇ ತಾಯಿ ಮಗುವಿನ ಬಳಿ ಕುಳಿತು ಕಾಲು ಮೀಟರ್ ದೂರದಿಂದ ಮಾತನಾಡಿದರೆ ದನಿ 72ಕ್ಕೆ ಏರಿ ಗದ್ದಲವನ್ನು 12 ಡೆಸಿಬೆಲ್‌ಗಳಷ್ಟು ಮೀರುತ್ತದೆ. ಕೂಗದೆ, ಖರ್ಚಿಲ್ಲದೆ, ಮಾತಿನ ತೀವ್ರತೆ 64 ಪಟ್ಟು ಹೆಚ್ಚಿತು. ಗೋಡೆಗಳ ಪ್ರತಿಫಲನದಿಂದ ನಿಜವಾದ ಲಾಭವು ಈ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆಯಾಗಬಹುದು. ಆದರೂ ಅದು ಅಲ್ಪವಲ್ಲ. ಕೂಗುವುದರಿಂದಾದರೋ ಸ್ವರಗಳೇ ಮತ್ತಷ್ಟು ಹಿಗ್ಗಿ ವ್ಯಂಜನಗಳು ಹಿಂದುಳಿಯುತ್ತವೆ. ಹತ್ತಿರ ಕುಳಿತರೆ ಇನ್ನೊಂದು ಪ್ರಯೋಜನವುಂಟು: ಮಗು ತುಟಿಗಳ ಚಲನೆಯನ್ನೂ ಕಾಣುತ್ತದೆ. ‘ಪಾಲು’ ಎನ್ನುವಾಗ ಮುಚ್ಚುವ ತುಟಿಯು ‘ಕಾಲು’ ಎನ್ನುವಾಗ ಮುಚ್ಚದಷ್ಟೆ!

ಮಾತು ತಿಳಿಯದಿರುವುದಕ್ಕೆಲ್ಲ ಗದ್ದಲವೇ ಕಾರಣವೆಂದು ಭಾವಿಸಬಾರದು. ಪುಟ್ಟ ಮಕ್ಕಳಲ್ಲಿ ಮೂಗಿನ ಹಿಂಬದಿಯಿಂದ ಮಧ್ಯಕರ್ಣಕ್ಕೆ ಹೋಗುವ ನಾಳವು ಗಿಡ್ಡವಾಗಿಯೂ ಹೆಚ್ಚು ಅಡ್ಡವಾಗಿಯೂ ಇರುವುದರಿಂದ, ನೆಗಡಿಯ ತರುವಾಯ ಕಿವಿತಮಟೆಯ ಹಿಂದೆ ದ್ರವ ನಿಲ್ಲುವುದು ಸಾಮಾನ್ಯ. ನೋವಿಲ್ಲದೆಯೇ 20–30 ಡೆಸಿಬೆಲ್‌ಗಳಷ್ಟು ಶ್ರವಣ ಕುಂದಬಹುದು. ಪಾತ್ರೆಯ ಸದ್ದು ಆಗಲೂ ಕೇಳಿಸುತ್ತದೆ; ‘ಬೇಡ’ ಎಂಬುದು ಕೇಳಿಸದು. ಕೆಲವು ಮಕ್ಕಳಲ್ಲಾದರೋ ಕಿವಿ ಸರಿಯಾಗಿದ್ದು, ಭಾಷೆಯನ್ನು ಗ್ರಹಿಸುವ ಮಿದುಳಿನ ಕಾರ್ಯವೇ ನಿಧಾನವಾಗಿ ಬೆಳೆಯುತ್ತದೆ. ಇಂಗ್ಲೆಂಡಿನಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಬೇರೆ ತಿಳಿದ ಕಾರಣವಿಲ್ಲದೆ ಭಾಷೆಯ ತೊಡಕುಳ್ಳ ಮಕ್ಕಳು ನಾಲ್ಕೈದು ವರ್ಷದವರಲ್ಲಿ ನೂರಕ್ಕೆ ಏಳಕ್ಕೂ ಹೆಚ್ಚು.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಕಡೆ ಮನೆಯಲ್ಲಿ ತೆಲುಗು ಅಥವಾ ಉರ್ದು, ಬೀದಿಯಲ್ಲಿ ಕನ್ನಡ ಆಡುವ ಕುಟುಂಬಗಳು ಬಹಳ. ಎರಡು ಭಾಷೆಗಳಿಂದಲೇ ಮಗು ತಬ್ಬಿಬ್ಬಾಯಿತೆಂದು ಮನೆಮಾತನ್ನು ಬಿಡಿಸುವವರುಂಟು. ಇದು ಸರಿಯಲ್ಲ. ಎರಡು ಭಾಷೆಗಳಿಂದ ಈ ತೊಡಕು ಹುಟ್ಟುವುದಿಲ್ಲ. ನಿಜವಾಗಿ ತೊಡಕಿದ್ದರೆ ಅದು ಎರಡರಲ್ಲಿಯೂ ಕಾಣುತ್ತದೆ. ತಾಯಿ ತನಗೆ ಸಲೀಸಾದ ಭಾಷೆಯಲ್ಲಿ ಆಡಿದ ಮಾತೇ ಮಗುವಿಗೆ ಒಳ್ಳೆಯ ಪಾಠ.

ಮನೆಯಲ್ಲಿ ಒಂದು ಸುಲಭ ಪರೀಕ್ಷೆ ಮಾಡಬಹುದು. ಮಗು ಕೈಸನ್ನೆಯನ್ನೂ ದಿನಚರಿಯನ್ನೂ ನೋಡಿಯೇ ಎಷ್ಟೋ ಮಾತುಗಳನ್ನು ಊಹಿಸಿಕೊಳ್ಳುತ್ತದೆ. ಆದ್ದರಿಂದ ಕೈ ತೋರಿಸದೆ, ಕಣ್ಣು ಹಾಯಿಸದೆ, ಅನಿರೀಕ್ಷಿತವಾಗಿ “ಚೆಂಡು ಕೊಡು” ಎನ್ನಬೇಕು. ಒಂದೂವರೆ ವರ್ಷದ ಹೊತ್ತಿಗೆ ಇಂಥ ಒಂದು ಅಪ್ಪಣೆಯನ್ನೂ, ಮೂರು ವರ್ಷದೊಳಗೆ “ಚೆಂಡು ತಂದು ಬುಟ್ಟಿಯಲ್ಲಿ ಹಾಕು” ಎಂಬ ಎರಡು ಹಂತದ ಅಪ್ಪಣೆಯನ್ನೂ ಮಕ್ಕಳು ಸಾಮಾನ್ಯವಾಗಿ ನೆರವೇರಿಸುತ್ತಾರೆ. ಹಾಗಾಗದಿದ್ದರೆ ಕಾಯುತ್ತ ಕೂಡದೆ ಮೊದಲು ಶ್ರವಣ ಪರೀಕ್ಷೆ ಮಾಡಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗೆ ಬರುವ ವೈದ್ಯರ ತಂಡಕ್ಕೆ ಇದನ್ನು ತಿಳಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ, 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿಯೂ ತಜ್ಞರಿದ್ದಾರೆ. ಆರೋಗ್ಯವಂತ ಒಳಕಿವಿಯು ಸದ್ದಿಗೆ ಉತ್ತರವಾಗಿ ತಾನೇ ಒಂದು ಅತಿಸೂಕ್ಷ್ಮ ದನಿಯನ್ನು ಹೊರಡಿಸುತ್ತದೆಂದು ಡೇವಿಡ್ ಕೆಂಪ್ ಎಂಬ ವಿಜ್ಞಾನಿ 1978ರಲ್ಲಿ ತೋರಿಸಿದರು. ಆ ದನಿಯನ್ನು ಅಳೆದು ಇಂದು ನಿದ್ರಿಸುತ್ತಿರುವ ಹಸುಗೂಸಿನ ಒಳಕಿವಿಯನ್ನೂ ಪರೀಕ್ಷಿಸಬಹುದು.

ತಜ್ಞರು ಹೇಳಿದ ಚಿಕಿತ್ಸೆಯೊಡನೆ ಮನೆಯವರು ಮಾಡಬೇಕಾದುದು ಇಷ್ಟು: ಮಗುವಿನ ಹೆಸರು ಹಿಡಿದು ಕರೆದು, ಅದು ಮುಖ ನೋಡಿದ ಮೇಲೆ ಮಾತನಾಡಬೇಕು. ವಾಕ್ಯ ಚಿಕ್ಕದಾಗಿರಲಿ, ಅದರ ಕೊನೆ ನುಂಗಿಹೋಗದಿರಲಿ. ಯಾವ ವಸ್ತುವಿನ ಮಾತೋ ಅದು ಕೈಯಲ್ಲಿರಲಿ. ಹೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ಕಾಯಬೇಕು. ತಿಳಿಯದಿದ್ದರೆ ಅದೇ ಮಾತನ್ನು ಅದೇ ಪದಗಳಲ್ಲಿ ಹೇಳಬೇಕು. ಟೆಲಿವಿಷನ್ ಆ ಹೊತ್ತಿಗೆ ಆರಿರಲಿ. ಮಗ್ಗ ನಿಂತರೆ ಕೂಲಿ ನಿಲ್ಲುತ್ತದೆಂಬುದು ನೇಕಾರರ ಮನೆಯ ಕಷ್ಟ. ಅದನ್ನು ದಿನವಿಡೀ ನಿಲ್ಲಿಸಿರೆಂದು ಯಾರೂ ಹೇಳಲಾರರು. ಆದರೆ ವಿದ್ಯುತ್ತು ಹೋಗಿ ಮಗ್ಗಗಳು ತಾವಾಗಿಯೇ ಸುಮ್ಮನಾಗುವ ವೇಳೆಯೂ, ಊಟಕ್ಕೆಂದು ನಿಲ್ಲಿಸುವ ವೇಳೆಯೂ ಇವೆ. ಆ ಅರ್ಧ ಗಂಟೆಯನ್ನು ಮಗುವಿನ ಮಾತಿಗೆಂದು ಮೀಸಲಿಟ್ಟರೆ, ಮೊದ್ದು ಎನಿಸಿಕೊಂಡು ಶಾಲೆಯ ಹಿಂದಿನ ಸಾಲಿಗೆ ಸೇರಬೇಕಾಗಿದ್ದ ಒಂದು ಮಗುವಿಗೆ ಅದರಿಂದ ಎಷ್ಟೋ ಉಪಕಾರವಾಗುತ್ತದೆ.