ತುಂಗಭದ್ರೆ ಹುಟ್ಟುವ ಕಾಡಿನಲ್ಲಿ ಹುಟ್ಟಿದ ತಾಯಿ

ಬಳ್ಳಾರಿ: ಗಾಂಧಿನಗರದ ನಲ್ಲಿಗೆ ನೀರು ಬಂತೆಂದರೆ ಸಾಕು, ಕೊಡ, ಬಕೆಟ್ಟು, ಬಿಂದಿಗೆ ಎಲ್ಲ ಸಾಲು ನಿಲ್ಲುತ್ತವೆ. ಆ ನೀರು ತುಂಗಭದ್ರೆಯದು ಅಂತ ಸಣ್ಣ ಹುಡುಗರಿಗೂ ಗೊತ್ತು. ಹೊಸಪೇಟೆ ಡ್ಯಾಮಿನಿಂದ ಕಾಲುವೆ ಹಿಡಿದು ಬರುತ್ತದೆ. ಸರಿ, ಡ್ಯಾಮಿಗೆ ಎಲ್ಲಿಂದ ಬಂತು? ಅಲ್ಲಿಗೆ ಬಹಳ ಜನ ತಲೆ ಕೆರೆದುಕೊಳ್ಳುತ್ತಾರೆ. ಕುದುರೆಮುಖದ ಬೆಟ್ಟಸಾಲಿನಲ್ಲಿ ಗಂಗಾಮೂಲ ಎಂಬ ಜಾಗ ಇದೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಅಲ್ಲೇ ಹುಟ್ಟುವುದು.

ಅದೇ ಗಂಗಾಮೂಲದ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ಒಂದು ಹೆಣ್ಣುಕೂಸು ಹುಟ್ಟಿತು. ಪಂಡಿತಾ ರಮಾಬಾಯಿ. ಹೆಸರು ಕೇಳಿದವರು ‘ಮಹಾರಾಷ್ಟ್ರದವರಲ್ಲೇನ್ರಿ?’ ಎನ್ನುತ್ತಾರೆ. ಮನೆಮಾತು ಮರಾಠಿ, ಕೆಲಸ ಮಾಡಿದ್ದು ಮುಂಬಯಿ, ಪುಣೆ, ಕೇಡಗಾಂವ್‌ಗಳಲ್ಲಿ. ನಿಜ. ಆದರೆ ಹುಟ್ಟಿದ ಮಣ್ಣು ನಮ್ಮದು. ಕನ್ನಡವೂ ಬರುತ್ತಿತ್ತು ಆಕೆಗೆ. ಶಾಲೆಯಲ್ಲಿ ಕಲಿತದ್ದಲ್ಲ, ದಾರಿ ನಡೆಯುತ್ತಾ ಕಲಿತದ್ದು.

ಏಪ್ರಿಲ್ ತಿಂಗಳು ಆ ಮನೆಯ ಪಾಲಿಗೆ ಎಂಥ ತಿಂಗಳೋ! ತಾಯಿ ಹುಟ್ಟಿದ್ದು ಏಪ್ರಿಲ್ 23, ಮಗಳು ಹುಟ್ಟಿದ್ದು ಏಪ್ರಿಲ್ 16, ತಾಯಿ ಕಣ್ಣು ಮುಚ್ಚಿದ್ದು ಏಪ್ರಿಲ್ 5. ಗಾಂಧಿ ಜಯಂತಿ, ನೆಹರೂ ಜಯಂತಿ ಅಂತ ಧ್ವಜ ಹಾರಿಸುವ ಊರುಗಳಲ್ಲಿ ಈ ಮೂರು ತಾರೀಖು ಯಾರ ಕ್ಯಾಲೆಂಡರಿನಲ್ಲೂ ಕೆಂಪಕ್ಷರದಲ್ಲಿಲ್ಲ.

ಅವ್ವನೇ ಮೇಷ್ಟರು

ರಮಾಬಾಯಿಯ ಕತೆ ಹೇಳಬೇಕೆಂದರೆ ಆಕೆಯ ಅವ್ವ ಲಕ್ಷ್ಮೀಬಾಯಿಯಿಂದ ಶುರು ಮಾಡಬೇಕು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಸಂಸ್ಕೃತದ ದೊಡ್ಡ ಪಂಡಿತ. ‘ಹೆಂಗಸರಿಗೆ ಸಂಸ್ಕೃತ ಯಾಕೆ?’ ಎನ್ನುವ ಕಾಲದಲ್ಲಿ ಹೆಂಡತಿಗೆ ಪಾಠ ಹೇಳಲು ಕೂತರು. ಜಾತಿಯವರು ಸುಮ್ಮನಿರುತ್ತಾರೆಯೇ? ಉಡುಪಿಯಲ್ಲಿ ಪಂಡಿತರ ಸಭೆ ಸೇರಿತು. ಶಾಸ್ತ್ರಿಗಳು ಗ್ರಂಥಗಳನ್ನೇ ತೆರೆದು, ಹೆಣ್ಣಿಗೆ ವಿದ್ಯೆ ಕಲಿಸುವುದು ತಪ್ಪಲ್ಲ ಅಂತ ವಾದ ಮಾಡಿ ಬಂದರು. ಆಮೇಲೆ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿದರು. ವಿದ್ಯಾರ್ಥಿಗಳು ಬಂದರು, ಯಾತ್ರಿಕರು ಬಂದರು. ಬಂದವರಿಗೆಲ್ಲ ಊಟ. ಹೀಗಾದರೆ ಗಂಟು ಎಷ್ಟು ದಿನ ಉಳಿದೀತು? ಅಂಗಡಿ ನಡೆಸುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಕೂಸು ಆರು ತಿಂಗಳದ್ದಿದ್ದಾಗ ಕುಟುಂಬ ಕಾಡು ಬಿಟ್ಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿಕೊಂಡು ಆ ಕೂಸನ್ನು ಘಟ್ಟದಿಂದ ಕೆಳಗೆ ತಂದರು.

ಅಲ್ಲಿಂದ ಮುಂದೆ ಊರಿಂದೂರಿಗೆ ಅಲೆದಾಟ. ದೇವಸ್ಥಾನದ ಕಟ್ಟೆಯ ಮೇಲೆ ಕೂತು ಪುರಾಣ ಓದುವುದು, ಜನ ಕೊಟ್ಟದ್ದರಲ್ಲಿ ಹೊಟ್ಟೆ ಹೊರೆಯುವುದು. ತಂದೆಗೆ ವಯಸ್ಸಾಗಿತ್ತು, ಕಣ್ಣು ಮಂಜಾಗುತ್ತಿತ್ತು. ಮಗಳಿಗೆ ಪಾಠ ಹೇಳುವ ಕೆಲಸ ಅವ್ವನ ಪಾಲಿಗೆ ಬಂತು. ಸ್ವಂತ ಸೂರಿಲ್ಲ, ಸ್ವಂತ ಒಲೆಯಿಲ್ಲ. ಹಗಲು ಪೂರ್ತಿ ದುಡಿತ. ಹೀಗಾಗಿ ಹಕ್ಕಿ ಕೂಗುವ ಹೊತ್ತಿಗೆ ಮಗಳನ್ನು ತಟ್ಟಿ ಎಬ್ಬಿಸಿ, ನಿದ್ದೆಗಣ್ಣಲ್ಲಿದ್ದ ಆ ಹುಡುಗಿಯನ್ನು ಮುದ್ದು ಮಾಡಿ ಶ್ಲೋಕ ಹೇಳಿಕೊಡುತ್ತಿದ್ದಳು. ಹನ್ನೆರಡು ವರ್ಷ ತುಂಬುವಷ್ಟರಲ್ಲಿ ಭಾಗವತದ ಹದಿನೆಂಟು ಸಾವಿರ ಶ್ಲೋಕ ಮಗಳ ಬಾಯಲ್ಲಿತ್ತು ಎನ್ನುತ್ತಾರೆ. ಮುಂದೆ 1887ರಲ್ಲಿ ಅಮೆರಿಕದಲ್ಲಿ ರಮಾಬಾಯಿಯ ಇಂಗ್ಲಿಷ್ ಪುಸ್ತಕ ಅಚ್ಚಾದಾಗ, ಅದನ್ನು ಅರ್ಪಿಸಿದ್ದು ಯಾವ ಸಾಹೇಬರಿಗೂ ಅಲ್ಲ. ಈ ಅವ್ವನಿಗೆ.

ಒಂದು ತುಂಡು ಸಜ್ಜೆ ರೊಟ್ಟಿ

1874ರ ಬರ. ಬಳ್ಳಾರಿ ಸೀಮೆಯ ಹಳಬರು ಇನ್ನೂ ನೆನೆಸುವ ಧಾತು ಈಶ್ವರ ಬರಕ್ಕೆ ಎರಡು ವರ್ಷ ಮೊದಲಿನ ಮಾತು. ಮದ್ರಾಸ್ ಪ್ರಾಂತದಲ್ಲಿ ಅಲೆಯುತ್ತಿದ್ದ ಈ ಕುಟುಂಬದ ಕೈಯಲ್ಲಿ ಕಾಸಿಲ್ಲ. ಭಿಕ್ಷೆ ಬೇಡಲು ಮಾನ ಅಡ್ಡ, ಕೂಲಿಗೆ ಹೋಗಲು ಅಭ್ಯಾಸವಿಲ್ಲ. ಕಾಡಿನ ಎಲೆ ತಿಂದು ದಿನ ನೂಕಿದರು. ಮೊದಲು ತಂದೆ ಹೋದರು.

ಕೆಲವೇ ವಾರಗಳಲ್ಲಿ ಅವ್ವನೂ ಹಾಸಿಗೆ ಹಿಡಿದಳು. ಹೊಟ್ಟೆಗಿಲ್ಲದೆ ಕನವರಿಸುತ್ತಿದ್ದಾಳೆ. ಹದಿನಾರರ ರಮಾ ಹತ್ತಿರದ ಮನೆಯೊಂದರ ಬಾಗಿಲಿಗೆ ಹೋಗಿ ನಿಂತಳು. ಬೇಡಲು ಬಾಯೇ ಬರಲಿಲ್ಲ. ಮುಖ ನೋಡಿಯೇ ಅರ್ಥ ಮಾಡಿಕೊಂಡ ಆ ಮನೆಯ ಹೆಂಗಸು ಒಂದು ತುಂಡು ಸಜ್ಜೆ ರೊಟ್ಟಿ ಕೊಟ್ಟಳು. ಹುಡುಗಿ ಓಡಿ ಬಂದು ಅವ್ವನ ಮುಂದೆ ಹಿಡಿದಳು. ಅವ್ವನಿಗೆ ತಿನ್ನುವ ಶಕ್ತಿ ಉಳಿದಿರಲಿಲ್ಲ.

ಹೆಣ ಹೊರಲು ನಾಲ್ಕು ಜನ ಬೇಕು. ಅಣ್ಣ ಶ್ರೀನಿವಾಸ ಒಬ್ಬ, ಕನಿಕರಪಟ್ಟು ಬಂದ ಬ್ರಾಹ್ಮಣರು ಇಬ್ಬರು. ನಾಲ್ಕನೆಯವಳು ರಮಾ. ಎತ್ತರ ಸಾಲದೆ ಹೆಗಲು ಕೊಡಲಾಗಲಿಲ್ಲ. ಚಟ್ಟದ ಒಂದು ಮೂಲೆಯನ್ನು ತಲೆಯ ಮೇಲಿಟ್ಟುಕೊಂಡು ಮಸಣದವರೆಗೆ ನಡೆದಳು. ಆಮೇಲೆ ಅಕ್ಕನೂ ತೀರಿಕೊಂಡಳು.

ಉಳಿದ ಅಣ್ಣ ತಂಗಿ ದೇಶದ ಉದ್ದಗಲ ಕಾಲ್ನಡಿಗೆಯಲ್ಲಿ ಸುತ್ತಿ 1878ರಲ್ಲಿ ಕಲ್ಕತ್ತ ಸೇರಿದರು. ಇಪ್ಪತ್ತರ ಹುಡುಗಿಯ ಸಂಸ್ಕೃತ ಕೇಳಿ ಅಲ್ಲಿನ ಪಂಡಿತರು ದಂಗಾದರು. ‘ಪಂಡಿತಾ’, ‘ಸರಸ್ವತಿ’ ಎಂಬ ಎರಡು ಬಿರುದು ಕೊಟ್ಟರು. 1880ರಲ್ಲಿ ಅಣ್ಣ ಸತ್ತ. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಅವರೊಡನೆ ಮದುವೆ, ಬೇರೆ ಜಾತಿ, ರಿಜಿಸ್ಟ್ರಾರ್ ಮದುವೆ. 1881ರಲ್ಲಿ ಮಗಳು ಮನೋರಮಾ. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾಕ್ಕೆ ಬಲಿ. ಮಗಳಿಗೆ ಆಗಿನ್ನೂ ವರ್ಷ ತುಂಬಿರಲಿಲ್ಲ, ತಾಯಿಗೆ ಇಪ್ಪತ್ತನಾಲ್ಕು ತುಂಬಿರಲಿಲ್ಲ.

ಯಾರ ಮಾತಿಗೂ ಬಗ್ಗದವರು

ಕಂಕುಳಲ್ಲಿ ಕೂಸು ಕಟ್ಟಿಕೊಂಡು ಪುಣೆಗೆ ಬಂದ ರಮಾಬಾಯಿ ಅಳುತ್ತಾ ಕೂರಲಿಲ್ಲ. ಆರ್ಯ ಮಹಿಳಾ ಸಮಾಜ ಕಟ್ಟಿದರು, ಮರಾಠಿಯಲ್ಲಿ ಪುಸ್ತಕ ಬರೆದರು. ಸರ್ಕಾರದ ಹಂಟರ್ ಆಯೋಗದ ಮುಂದೆ ನಿಂತು, ಹೆಂಗಸರಿಗೆ ಹೆಂಗಸರೇ ಡಾಕ್ಟರು ಬೇಕು, ಹೆಂಗಸರೇ ಟೀಚರು ಬೇಕು ಅಂತ ಹೇಳಿದರು. 1883ರಲ್ಲಿ ಇಂಗ್ಲೆಂಡಿಗೆ ಹೋದರು. ಅದೇ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬ ಊರಿನಲ್ಲಿ ತಾಯಿ ಮಗಳು ಇಬ್ಬರೂ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು.

ಇಲ್ಲಿಂದ ಗಲಾಟೆ. ಊರಿನಲ್ಲಿ ‘ಧರ್ಮ ಬಿಟ್ಟಳು’ ಎಂದು ಬೈಗುಳ. ಅತ್ತ ಇಂಗ್ಲೆಂಡಿನ ಸನ್ಯಾಸಿನಿಯರಿಗೂ ಈಕೆ ಸುಲಭದ ಹೆಂಗಸಾಗಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಬರೆಸಿದರೆ ಆಗದೇ ಎಂದು ಕೇಳಿದರು. ಏಸುವನ್ನು ಒಪ್ಪಿದ್ದೇನೆ, ಹಾಗಂತ ನಿಮ್ಮ ಪಾದ್ರಿಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸಲಾರೆ ಎಂಬ ನಿಲುವು. ಮಾಂಸ ಮುಟ್ಟಲಿಲ್ಲ, ಸೀರೆ ಬಿಡಲಿಲ್ಲ. ಎಲ್ಲಕ್ಕಿಂತ ಹೆಚ್ಚಿನ ಜಗಳ ಮನೋರಮಾಳ ಬಗ್ಗೆ. ಮಗಳು ಪುಟ್ಟ ಇಂಗ್ಲಿಷ್ ದೊರೆಸಾನಿಯಾಗಿ ಬೆಳೆಯಕೂಡದು, ತನ್ನ ದೇಶದ ಹೆಂಗಸರ ನಡುವೆ ಅವರಲ್ಲೊಬ್ಬಳಾಗಿರಬೇಕು ಎಂಬುದು ತಾಯಿಯ ಹಟ. ಹೊತ್ತು ಹೆತ್ತವಳಿಗೆ ಇಷ್ಟೂ ಹಕ್ಕಿಲ್ಲವೇ? ಈ ಜಗಳದ ಕಾಗದಗಳು ಮುಂದೆ ಪುಸ್ತಕವಾಗಿಯೇ ಅಚ್ಚಾಗಿವೆ.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ‘ಶಾರದಾ ಸದನ’ ಶುರುವಾಯಿತು. ವಿಧವೆಯರಿಗೆ ವಸತಿ, ಊಟ, ಓದು. ಮೊದಮೊದಲು ಸೇರಿದವರಲ್ಲಿ ಗೋದೂಬಾಯಿ ಎಂಬ ಬಾಲವಿಧವೆ ಒಬ್ಬರು. 1893ರಲ್ಲಿ ಅವರನ್ನು ಮದುವೆಯಾದವರು ಮುಂದೆ ಭಾರತರತ್ನ ಪಡೆದ ಧೋಂಡೋ ಕೇಶವ ಕರ್ವೆ.

ಸದನ ಪುಣೆಗೆ ಹೋದ ಮೇಲೆ ಮತ್ತೊಂದು ರಾದ್ಧಾಂತ. ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳ ಜೊತೆ ಪ್ರಾರ್ಥನೆ ಮಾಡುತ್ತಿದ್ದರು, ಬಾಗಿಲು ಹಾಕುತ್ತಿರಲಿಲ್ಲ. ಹುಡುಗಿಯರು ಒಬ್ಬೊಬ್ಬರೇ ಬಂದು ಕೂರತೊಡಗಿದರು. ಮತ ಪ್ರಚಾರ ಮಾಡುವುದಿಲ್ಲ ಅಂತ ಮಾತು ಕೊಟ್ಟು ಇದೇನು ಎಂದು ತಿಲಕರ ‘ಕೇಸರಿ’ ಪತ್ರಿಕೆ ಕಿಡಿ ಕಾರಿತು. 1893ರಲ್ಲಿ ರಾನಡೆ, ಭಂಡಾರ್ಕರ್‌ರಂಥ ಹಿರಿಯರು ಸಲಹಾ ಮಂಡಳಿಯಿಂದ ಹೊರಬಂದರು. ಹಲವು ಪೋಷಕರು ಹುಡುಗಿಯರನ್ನು ಕರೆದೊಯ್ದರು. ಮಕ್ಕಳನ್ನು ನಂಬಿ ಕಳಿಸಿದವರ ಅಳುಕನ್ನು ಸುಳ್ಳೆನ್ನಲು ಬರುವುದಿಲ್ಲ. ಸ್ವಂತ ಕೋಣೆಯಲ್ಲಿ ದೇವರ ಹೆಸರು ಹೇಳಲು ಬಾಗಿಲಿಗೆ ಚಿಲಕ ಹಾಕಬೇಕೇ ಎಂಬ ತಾಯಿಯ ಪ್ರಶ್ನೆಯೂ ಸುಳ್ಳಲ್ಲ.

ಸಾವಿರ ಮಕ್ಕಳ ಮನೆ

1896–97ರಲ್ಲಿ ಮಧ್ಯ ಪ್ರಾಂತದಲ್ಲಿ ಬರ ಬಿತ್ತು. ಹಳೆಯ ಬರ ಮೈಮೇಲೆ ಬಂದಂತಾಯಿತೋ ಏನೋ, ರಮಾಬಾಯಿ ತಾವೇ ಹೊರಟರು. ಗಂಜಿಕೇಂದ್ರಗಳಲ್ಲಿ, ಮರದ ಬುಡಗಳಲ್ಲಿ ಮೂಳೆ ಚಕ್ಕಳವಾಗಿ ಬಿದ್ದಿದ್ದ ಹುಡುಗಿಯರನ್ನು, ಕಂಡವರ ಪಾಲಾಗುವ ಮೊದಲೇ, ತಮ್ಮೊಡನೆ ಕರೆತಂದರು. ಪುಣೆಯಲ್ಲಿ ಆಗ ಪ್ಲೇಗು. ಇಷ್ಟು ಜನರನ್ನು ಊರೊಳಗೆ ಇಡುವಂತಿಲ್ಲ. ಕೇಡಗಾಂವ್‌ನಲ್ಲಿ ತೋಟಕ್ಕೆಂದು ಕೊಂಡಿದ್ದ ಜಮೀನಿನಲ್ಲಿ ಗುಡಿಸಲು ಎದ್ದವು. ಅದೇ ‘ಮುಕ್ತಿ’. 1900ರಲ್ಲಿ ಗುಜರಾತಿನ ಬರ ಬಂದಾಗ ಮತ್ತೆ ನೂರಾರು ಹುಡುಗಿಯರು ಬಂದು, ಮನೆಯ ಲೆಕ್ಕ ಸಾವಿರ ದಾಟಿತು.

ಸಾವಿರ ಹೊಟ್ಟೆ ಅಂದರೆ ಸುಮ್ಮನೇ ಅಲ್ಲ. ಬಾವಿ ತೋಡಿಸಿದರು, ಬೆಳೆ ತೆಗೆದರು. ಮಗ್ಗ, ಎಣ್ಣೆ ಗಾಣ, ಹೊಲಿಗೆ ಎಲ್ಲ ಅಲ್ಲೇ. ಎಲ್ಲಾ ಕೆಲಸಕ್ಕೂ ಹೆಂಗಸರೇ. ಕುರುಡು ಹುಡುಗಿಯರಿಗೆ ಬೇರೆ ಶಾಲೆ. ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸುವವರೂ, ರಟ್ಟು ಕಟ್ಟುವವರೂ ಆ ಬರದ ಹುಡುಗಿಯರೇ.

ಆ ಅಚ್ಚಿನ ಮನೆಗೆ ರಮಾಬಾಯಿ ಕೊಟ್ಟ ದೊಡ್ಡ ಕೆಲಸ ಮರಾಠಿ ಬೈಬಲ್. ಇದ್ದ ಅನುವಾದದ ಸಂಸ್ಕೃತ ಪದಗಳು ಓದು ಬಾರದ ಹಳ್ಳಿ ಹೆಂಗಸರಿಗೆ ತಿಳಿಯುತ್ತಿರಲಿಲ್ಲ. ಸಂಸ್ಕೃತದಲ್ಲಿ ಪಂಡಿತೆಯಾದವರೇ ಸಂಸ್ಕೃತ ಬಿಟ್ಟು ಮನೆಮಾತಿಗಿಳಿದರು. ಅದಕ್ಕಾಗಿ ಹೀಬ್ರೂ, ಗ್ರೀಕ್ ಕಲಿತರು, ಇಡೀ ಗ್ರಂಥ ಒಬ್ಬರೇ ಮಾಡಿದರು. ಬಳ್ಳಾರಿಗೂ ಇಂಥ ಚರಿತ್ರೆ ಉಂಟು. 1810ರಲ್ಲಿ ಇಲ್ಲಿಗೆ ಬಂದ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲ್ ಕೆಲಸಕ್ಕೆ ಕೈ ಹಾಕಿದ್ದು ಇದೇ ಊರಿನಲ್ಲಿ. ಕೇಡಗಾಂವ್‌ನಲ್ಲಿ ಆ ಕೆಲಸ ಮಾಡಿದ್ದು ವಿದೇಶದ ಪಾದ್ರಿಯಲ್ಲ, ಈ ದೇಶದ ಒಬ್ಬ ವಿಧವೆ.

ಕಲಬುರಗಿಯ ಶಾಲೆ

ಅಷ್ಟು ಜಗಳವಾಡಿ ಬೆಳೆಸಿದ ಮನೋರಮಾ ತಾಯಿ ಬಯಸಿದಂತೆಯೇ ಆದರು. ವಿದೇಶದಲ್ಲಿ ಓದಿದರೂ ಕೇಡಗಾಂವ್‌ಗೆ ವಾಪಸಾಗಿ ತಾಯಿಯ ಬಲಗೈಯಾದರು. ತಾಯಿಗೆ ಕಿವಿ ಮಂದವಾಗುತ್ತಾ ಬಂದಾಗ ಹೊರಗಿನವರೊಡನೆ ಮಾತುಕತೆ ಮಗಳದೇ. ಮದುವೆಯಾಗಲಿಲ್ಲ. 1912ರಲ್ಲಿ ತಾಯಿ ಮಗಳ ಕಣ್ಣು ನಿಜಾಮರ ಸೀಮೆಯ ಕಲಬುರಗಿಯ ಮೇಲೆ ಬಿತ್ತು. ಅಲ್ಲಿ ಒಂದು ಶಾಲೆ ತೆರೆದರು. ಮುಖ್ಯೋಪಾಧ್ಯಾಯಿನಿ ಮನೋರಮಾ. ಆರು ತಿಂಗಳ ಕೂಸಾಗಿ ಪೆಟ್ಟಿಗೆಯಲ್ಲಿ ಮಲಗಿ ಘಟ್ಟ ಇಳಿದಿದ್ದ ರಮಾಬಾಯಿ, ಐವತ್ತು ದಾಟಿದ ಮೇಲೆ ಕನ್ನಡ ನಾಡಿಗೆ ಕೊಟ್ಟದ್ದು ತಮ್ಮ ಒಬ್ಬಳೇ ಮಗಳನ್ನು.

ಮಗಳ ಕೈಗೇ ‘ಮುಕ್ತಿ’ಯ ಬೀಗದ ಕೈ ಕೊಡಬೇಕು ಅಂತ ತಾಯಿಯ ಲೆಕ್ಕ. 1921ರ ಜುಲೈ 24ರಂದು ಮಿರಜಿನ ಆಸ್ಪತ್ರೆಯಲ್ಲಿ ಮನೋರಮಾ ತೀರಿಕೊಂಡರು. ವಯಸ್ಸು ನಲವತ್ತು. ತಾಯಿಗೆ ಆಗ ಅರವತ್ತಮೂರು. ಬೈಬಲ್ಲಿನ ಕರಡು ತಿದ್ದುವ ಕೆಲಸ ಇನ್ನೂ ಬಾಕಿ ಇತ್ತು. ಅದನ್ನು ಮುಗಿಸಿ, 1922ರ ಏಪ್ರಿಲ್ 5ರಂದು ರಮಾಬಾಯಿ ನಿದ್ದೆಯಲ್ಲೇ ಹೋದರು.

1989ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಸ್ಟಾಂಪ್ ತಂದಿತು. ಕೇಡಗಾಂವ್‌ನ ‘ಮುಕ್ತಿ’ ಇವತ್ತಿಗೂ ನಡೆಯುತ್ತಿದೆ, ದಿಕ್ಕಿಲ್ಲದ ಹೆಂಗಸರು ಮಕ್ಕಳು ಅಲ್ಲಿದ್ದಾರೆ. ನೋಡಬೇಕೆನಿಸಿದವರಿಗೆ ದಾರಿ ಕಷ್ಟದ್ದಲ್ಲ. ಬಳ್ಳಾರಿಯಿಂದ ಗುಂತಕಲ್ಲು, ಅಲ್ಲಿ ಗಾಡಿ ಬದಲಿಸಿ ಪುಣೆ ಕಡೆಯ ರೈಲು. ರಾಯಚೂರು ದಾಟುತ್ತದೆ, ಮನೋರಮಾ ಪಾಠ ಹೇಳಿದ ಕಲಬುರಗಿ ದಾಟುತ್ತದೆ, ಸೊಲ್ಲಾಪುರ, ದೌಂಡ್. ದೌಂಡ್ ಆದ ಮೇಲೆ ಪುಣೆಗೆ ಮೊದಲು ಸಿಗುವ ಸಣ್ಣ ಸ್ಟೇಷನ್ನುಗಳಲ್ಲಿ ಕೇಡಗಾಂವ್ ಒಂದು.