ಎತ್ತಿದ ಭಾರ ಆ್ಯಪ್‌ಗೆ ಗೊತ್ತಾಗುವುದಿಲ್ಲ

ಒಂದೇ ಜಿಮ್‌ಗೆ ಹೋಗುವ ಇಬ್ಬರನ್ನು ನೆನೆದುಕೊಳ್ಳಿ. ಇಬ್ಬರ ಮೈತೂಕವೂ 70 ಕೆ.ಜಿ. ಒಬ್ಬರು ಮೊನ್ನೆ ತಾನೇ ಸೇರಿದವರು. 5 ಕೆ.ಜಿ. ಡಂಬಲ್ ಹಿಡಿದು, ನಡುನಡುವೆ ಸಾಕಷ್ಟು ಸುಧಾರಿಸಿಕೊಂಡು, ಮುಕ್ಕಾಲು ಗಂಟೆ ಕಳೆದರು. ಇನ್ನೊಬ್ಬರು ಹತ್ತು ವರ್ಷದಿಂದ ಪಳಗಿದವರು. ಹೆಗಲ ಮೇಲೆ 100 ಕೆ.ಜಿ. ಹೊತ್ತು ಸ್ಕ್ವಾಟ್ ಮಾಡಿ, ಅಷ್ಟೇ ಹೊತ್ತಿನಲ್ಲಿ ಬೆವರಿ ತೊಯ್ದುಹೋದರು. ಇಬ್ಬರೂ ಆ್ಯಪ್‌ನಲ್ಲಿ ‘ವೇಟ್ ಟ್ರೇನಿಂಗ್, 45 ನಿಮಿಷ’ ಎಂದು ನಮೂದಿಸಿದರೆ ಇಬ್ಬರಿಗೂ ಬರುವ ಉತ್ತರ ಒಂದೇ ಆಗಬಹುದು: 184 ಕ್ಯಾಲೊರಿ.

ಈ ಅಂಕಿ ನಂಬಿ ರಾತ್ರಿಯ ಊಟ ಅಳೆಯುವವರಿದ್ದಾರೆ. ‘ಇಷ್ಟು ಕಷ್ಟಪಟ್ಟರೂ ಇಷ್ಟೇನಾ’ ಎಂದು ಡಂಬಲ್ ಕೆಳಗಿಟ್ಟು ಬರೀ ನಡಿಗೆಗೆ ಮರಳುವವರೂ ಇದ್ದಾರೆ. ಆದ್ದರಿಂದ ಅದು ಹುಟ್ಟುವುದು ಹೇಗೆಂದು ತಿಳಿದುಕೊಳ್ಳುವುದು ಒಳ್ಳೆಯದು.

ಕೋಷ್ಟಕದಿಂದ ಬಂದ ಉತ್ತರ

ಲೆಕ್ಕ ಬಹಳ ಸರಳ. ಸುಮ್ಮನೆ ಕೂತಿರುವಾಗ ದೇಹ ಖರ್ಚು ಮಾಡುವ ಶಕ್ತಿಯನ್ನು ‘1 ಮೆಟ್’ ಎನ್ನುತ್ತಾರೆ. ಅಂದರೆ ಪ್ರತಿ ಕೆ.ಜಿ. ಮೈತೂಕಕ್ಕೆ ಗಂಟೆಗೆ ಸುಮಾರು 1 ಕಿಲೊಕ್ಯಾಲೊರಿ (ನಾವು ರೂಢಿಯಲ್ಲಿ ಕ್ಯಾಲೊರಿ ಎನ್ನುವುದು ಇದನ್ನೇ). ಹಲವು ಬಗೆಯ ವ್ಯಾಯಾಮಗಳನ್ನು ಬೇರೆ ಬೇರೆ ಭಾರದಲ್ಲಿ 8ರಿಂದ 15 ಸಲ ಮಾಡುವ ಸಾಧಾರಣ ವೇಟ್ ಟ್ರೇನಿಂಗ್‌ಗೆ 3.5 ಮೆಟ್ ಎಂದು, ಯಾವ ಚಟುವಟಿಕೆಗೆ ಎಷ್ಟು ಮೆಟ್ ಎಂದು ಪಟ್ಟಿ ಮಾಡಿದ ಕೋಷ್ಟಕವೊಂದು ಹೇಳುತ್ತದೆ. 3.5ನ್ನು 70ರಿಂದಲೂ ಮುಕ್ಕಾಲು ಗಂಟೆಯಿಂದಲೂ ಗುಣಿಸಿ, 184 ಸಿಗುತ್ತದೆ. ಅದೇ ಆ್ಯಪ್‌ನಲ್ಲಿ ‘ತೀವ್ರ’ ಎಂಬುದನ್ನು ಒತ್ತಿದರೆ ಮೆಟ್ 6 ಆಗಿ, ಉತ್ತರ 315ಕ್ಕೆ ಜಿಗಿಯುತ್ತದೆ. ಈ ಲೆಕ್ಕದಲ್ಲಿ ನಿಮ್ಮ ಮೈತೂಕವಿದೆ, ಗಡಿಯಾರವಿದೆ. ನೀವು ಎತ್ತಿದ ಕಬ್ಬಿಣ ಮಾತ್ರ ಎಲ್ಲೂ ಇಲ್ಲ.

ಈ ಕೋಷ್ಟಕವನ್ನು ಅಮೆರಿಕದ ಬಾರ್ಬರಾ ಏನ್ಸ್‌ವರ್ತ್ ಮತ್ತು ಸಂಗಡಿಗರು 1993ರಲ್ಲಿ ಮೊದಲು ಪ್ರಕಟಿಸಿದರು. 2000, 2011 ಮತ್ತು 2024ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಸಾವಿರಾರು ಜನರ ಸಮೀಕ್ಷೆಗಳಲ್ಲಿ ಚಟುವಟಿಕೆಗಳನ್ನು ಒಂದೇ ಅಳತೆಗೆ ತರುವುದು ಅದರ ಉದ್ದೇಶವಾಗಿತ್ತು. ಒಬ್ಬೊಬ್ಬರ ಖರ್ಚನ್ನು ಕರಾರುವಾಕ್ಕಾಗಿ ಹೇಳಲು ಇದನ್ನು ಮಾಡಿಲ್ಲ ಎಂದು ಅದನ್ನು ರೂಪಿಸಿದವರೇ ಸ್ಪಷ್ಟಪಡಿಸಿದ್ದಾರೆ. ಸಮೀಕ್ಷೆಯ ಆ ಸಲಕರಣೆ ಈಗ ನಮ್ಮೆಲ್ಲರ ಜೇಬಿಗೆ ಬಂದು ಕೂತಿದೆ.

ಅದರ ಬುನಾದಿಯಾದ ‘1 ಮೆಟ್’ ಕೂಡ ಎಲ್ಲರಿಗೂ ಹೊಂದುವುದಿಲ್ಲ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ 769 ಜನರನ್ನು ವಿಶ್ರಾಂತಿಯಲ್ಲಿ ಅಳೆಯಿತು. ಅವರ ಸರಾಸರಿ ಖರ್ಚು ಕೆ.ಜಿ.ಗೆ ಗಂಟೆಗೆ 1 ಅಲ್ಲ, 0.84 ಕಿಲೊಕ್ಯಾಲೊರಿ ಮಾತ್ರ.

ಇನ್ನೊಂದು ಸೂಕ್ಷ್ಮವೂ ಇದೆ. 184ರಲ್ಲಿ ಸುಮಾರು 52 ಕ್ಯಾಲೊರಿ ನೀವು ಮನೆಯಲ್ಲಿ ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿತ್ತು. ವ್ಯಾಯಾಮದಿಂದ ಹೆಚ್ಚುವರಿಯಾಗಿ ಆದದ್ದು ಸುಮಾರು 131. ಕೆಲವು ವಾಚ್‌ಗಳು ‘ಆಕ್ಟಿವ್’, ‘ಟೋಟಲ್’ ಎಂದು ಎರಡು ಅಂಕಿ ತೋರಿಸುವುದು ಇದೇ ಕಾರಣಕ್ಕೆ.

ನಾಡಿ ಹಿಡಿಯುವ ವಾಚ್

ವಾಚ್ ಕಟ್ಟಿಕೊಂಡರೆ ಲೆಕ್ಕಕ್ಕೆ ಎದೆಬಡಿತವೂ ಸೇರುತ್ತದೆ. ವಾಚ್‌ನ ಹಸಿರು ಬೆಳಕು ಚರ್ಮದೊಳಗೆ ಹಾದು, ರಕ್ತದ ಏರಿಳಿತವನ್ನು ಗ್ರಹಿಸಿ, ನಾಡಿ ಎಣಿಸುತ್ತದೆ. ವಯಸ್ಸು, ಲಿಂಗ, ತೂಕದ ಜೊತೆ ಅದನ್ನು ಸೂತ್ರಕ್ಕೆ ಹಾಕಿ ಕ್ಯಾಲೊರಿ ಹೇಳುತ್ತದೆ. ಓಟದಲ್ಲಿ, ಸೈಕಲ್ ತುಳಿಯುವಾಗ ಈ ದಾರಿಗೆ ಅರ್ಥವಿದೆ. ದೇಹಕ್ಕೆ ಆಮ್ಲಜನಕ ಹೆಚ್ಚು ಬೇಕಾದಷ್ಟೂ ಬಡಿತ ಹೆಚ್ಚುತ್ತದೆ. ಹಾಗಿದ್ದೂ 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 60 ಜನರ ಕೈಗೆ ಏಳು ಬಗೆಯ ಸಾಧನ ಕಟ್ಟಿ ನಡಿಗೆ, ಓಟ, ಸೈಕಲ್ ಸವಾರಿಯಲ್ಲಿ ಪರೀಕ್ಷಿಸಿದಾಗ, ಆರು ಸಾಧನಗಳು ಎದೆಬಡಿತವನ್ನು ಶೇ 5ರೊಳಗಿನ ತಪ್ಪಿನಲ್ಲಿ ಹಿಡಿದವು. ಕ್ಯಾಲೊರಿಯಲ್ಲಿ ಮಾತ್ರ ಅತ್ಯುತ್ತಮ ಸಾಧನವೇ ಶೇ 27ರಷ್ಟು ತಪ್ಪಿತು. ಅತಿ ಕಳಪೆಯದು ಶೇ 93ರಷ್ಟು.

ಭಾರ ಎತ್ತುವಾಗ ತೊಡಕು ಇನ್ನೂ ಹೆಚ್ಚು. ಬಾರ್ಬೆಲ್ ಬಿಗಿಯಾಗಿ ಹಿಡಿದಾಗ ಮುಂಗೈ ಸ್ನಾಯು ಗಟ್ಟಿಯಾಗಿ, ಮಣಿಕಟ್ಟು ಬಾಗಿ, ವಾಚ್‌ಗೆ ನಾಡಿಯೇ ಸರಿಯಾಗಿ ಸಿಗುವುದಿಲ್ಲ. ಸಿಕ್ಕರೂ ಎದೆ ಬಡಿಯುತ್ತಿರುವ ಕಾರಣ ಬೇರೆ. ಬಿಗಿದ ಸ್ನಾಯುಗಳು ರಕ್ತನಾಳಗಳನ್ನು ಅದುಮುತ್ತವೆ, ಉಸಿರು ಬಿಗಿಹಿಡಿಯುತ್ತೇವೆ, ರಕ್ತದೊತ್ತಡ ಏರುತ್ತದೆ. 1985ರಲ್ಲಿ ಕೆನಡಾದ ಸಂಶೋಧಕರು ದೇಹದಾರ್ಢ್ಯ ಪಟುಗಳ ಧಮನಿಯೊಳಗೇ ಒತ್ತಡ ಅಳೆದಾಗ, ಎರಡೂ ಕಾಲಿನ ಲೆಗ್ ಪ್ರೆಸ್‌ನಲ್ಲಿ ಅದು ಸರಾಸರಿ 320/250 ಮುಟ್ಟಿತ್ತು. ಅದು ಕ್ಷಣಕಾಲದ ಏರಿಕೆ, ಅತಿ ಭಾರದಲ್ಲಿ ಕಂಡದ್ದು. ಬಿ.ಪಿ. ಇರುವವರು ವೈದ್ಯರನ್ನು ಕೇಳಿ, ಉಸಿರು ಬಿಡುತ್ತಾ ಎತ್ತಬೇಕು ಎನ್ನುವುದು ಇದಕ್ಕೇ. ಹೀಗೆ ಒತ್ತಡದಿಂದ ಏರಿದ ಬಡಿತವನ್ನು ವಾಚ್ ಓಟದ ಬಡಿತವೆಂದೇ ಓದುತ್ತದೆ.

ಸ್ನಾಯುವಿನ ಕೈಗಡ

ಹಾಗಿದ್ದರೆ ಎತ್ತಿದ ತೂಕವನ್ನೇ ಲೆಕ್ಕಕ್ಕೆ ಹಾಕಬಾರದೇಕೆ? 60 ಕೆ.ಜಿ. ಬಾರ್ಬೆಲನ್ನು ಅರ್ಧ ಮೀಟರ್ ಮೇಲಕ್ಕೆ ಹತ್ತು ಸಲ ಎತ್ತಿದರೆ ಭೌತಶಾಸ್ತ್ರದ ಪ್ರಕಾರ ಆದ ಕೆಲಸ ಬರೀ 0.7 ಕಿಲೊಕ್ಯಾಲೊರಿ. ಸ್ನಾಯು ತಾನು ಬಳಸಿದ ಶಕ್ತಿಯಲ್ಲಿ ನಾಲ್ಕನೇ ಅಥವಾ ಐದನೇ ಒಂದು ಪಾಲನ್ನಷ್ಟೇ ಕೆಲಸವಾಗಿ ಮಾರ್ಪಡಿಸುತ್ತದೆ, ಉಳಿದದ್ದು ಶಾಖ. ಆ ಪ್ರಕಾರ ಖರ್ಚು ಮೂರು, ಮೂರೂವರೆ ಆದೀತು. ಆದರೆ ನಿಧಾನಕ್ಕೆ ಇಳಿಸುವುದಕ್ಕೂ ಶಕ್ತಿ ಬೇಕು, ಅಲ್ಲಾಡದೆ ಹಿಡಿದಿರುವುದಕ್ಕೂ ಬೇಕು. ತುಂಬಿದ ಕೊಡವನ್ನು ಹಿಡಿದು ನಿಂತವರು ಭೌತಶಾಸ್ತ್ರದ ಲೆಕ್ಕದಲ್ಲಿ ಏನೂ ಕೆಲಸ ಮಾಡಿಲ್ಲ. ಅವರ ತೋಳನ್ನು ಕೇಳಿದರೆ ಬೇರೆಯದೇ ಉತ್ತರ ಬರುತ್ತದೆ.

ಪ್ರಯೋಗಾಲಯದಲ್ಲಿ ಮುಖಕ್ಕೆ ಮುಸುಕು ಹಾಕಿ ಉಸಿರನ್ನು ಅಳೆದರೂ ಪೂರ್ತಿ ಸಿಗದು. ಒಂದು ಲೀಟರ್ ಆಮ್ಲಜನಕಕ್ಕೆ ಸುಮಾರು 5 ಕಿಲೊಕ್ಯಾಲೊರಿ ಎಂಬುದು ಅಲ್ಲಿಯ ಲೆಕ್ಕ. ಆದರೆ ಭಾರ ಎತ್ತುವ ಮೊದಲ ಕೆಲವು ಸೆಕೆಂಡು ಸ್ನಾಯು ತನ್ನೊಳಗಿನ ದಾಸ್ತಾನನ್ನೇ ಉರಿಸುತ್ತದೆ. ಆಮೇಲೆ ಆಮ್ಲಜನಕವಿಲ್ಲದೆಯೇ ಸಕ್ಕರೆ ಒಡೆಯುತ್ತದೆ. ಕೈಗಡ ತಂದು ಖರ್ಚು ಮಾಡಿದ ಹಾಗೆ. ಬಾರ್ಬೆಲ್ ಇಟ್ಟು ಏದುಸಿರು ಬಿಡುವಾಗ ತೀರುವುದು ಆ ಸಾಲದ ಒಂದು ಪಾಲು. ನೊಬೆಲ್ ಪುರಸ್ಕೃತ ವಿಜ್ಞಾನಿ ಎ.ವಿ. ಹಿಲ್ 1920ರ ದಶಕದಲ್ಲಿ ಇದನ್ನು ‘ಆಮ್ಲಜನಕದ ಸಾಲ’ ಎಂದೇ ಕರೆದರು. 40 ಸೆಕೆಂಡಿನ ಹದಿನೈದು ಸೆಟ್ ಮಾಡಿದವರು 45 ನಿಮಿಷದಲ್ಲಿ ನಿಜಕ್ಕೂ ಎತ್ತಿದ್ದು ಹತ್ತೇ ನಿಮಿಷ. ಉಳಿದ ಹೊತ್ತೆಲ್ಲ ಸಾಲ ತೀರಿಸುವುದು.

ನಮ್ಮ ಮೈ, ನಮ್ಮ ಲೆಕ್ಕ

ವಿಶ್ರಾಂತಿಯ ಖರ್ಚು ಹೇಳುವ ಅಂತರರಾಷ್ಟ್ರೀಯ ಸೂತ್ರಗಳು ಭಾರತೀಯರಿಗೆ ಹೆಚ್ಚು ತೋರಿಸುತ್ತವೆ ಎಂಬುದನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ದಶಕಗಳ ಹಿಂದೆಯೇ ಅಳೆದು ತೋರಿಸಿದ್ದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರೂ ನಮಗೆ ಸುಮಾರು ಶೇ 5ರಷ್ಟು ಕಡಿಮೆ ಲೆಕ್ಕ ಹಿಡಿದಿದ್ದರು. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ತೋರಿಸಿಕೊಟ್ಟ ಹಾಗೆ, ಸಣ್ಣಗೆ ಕಾಣುವ ಭಾರತೀಯ ಮೈಯಲ್ಲೂ ಕೊಬ್ಬಿನ ಪಾಲು ಹೆಚ್ಚು, ಸ್ನಾಯು ಕಡಿಮೆ. ಊಟದ ನಂತರ ರಕ್ತದ ಸಕ್ಕರೆಯ ದೊಡ್ಡ ಪಾಲನ್ನು ಒಳಗೆ ಎಳೆದುಕೊಳ್ಳುವುದು ಸ್ನಾಯುವೇ. ಮಧುಮೇಹ ಮನೆಮನೆಗೂ ಬಂದಿರುವಾಗ, ಚಿಕ್ಕ ಅಂಕಿ ಕಂಡು ಬೇಸರಪಟ್ಟು ಭಾರ ಎತ್ತುವುದನ್ನು ಬಿಡುವುದು ದೊಡ್ಡ ನಷ್ಟ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಹೇಳುವುದು ದಿನದ ಲೆಕ್ಕ, ಕ್ಯಾಲೊರಿಯದಲ್ಲ.

ಆ್ಯಪ್ ಬಿಸಾಡಬೇಕಿಲ್ಲ. ಅದರ ಅಂಕಿಯನ್ನು ಅಂದಾಜೆಂದು ಓದಿ, ‘ಇಷ್ಟು ಕರಗಿಸಿದೆ’ ಎಂದು ಅಷ್ಟೇ ತಿನ್ನಲು ಹೋಗಬೇಡಿ. ತೂಕ ಇಳಿಸಬೇಕಿದ್ದರೆ ವಾರದ ಸರಾಸರಿ ಮೈತೂಕವನ್ನೂ ಸೊಂಟದ ಸುತ್ತಳತೆಯನ್ನೂ ನೋಡಿ. ವ್ಯಾಯಾಮಕ್ಕೆ ಒಂದು ನೋಟ್‌ಬುಕ್ ಇಡಿ: ಎಷ್ಟು ಭಾರ, ಎಷ್ಟು ಸಲ.

ನಮ್ಮ ಗರಡಿ ಮನೆಗಳಲ್ಲಿ ಲೆಕ್ಕ ಇದ್ದದ್ದು ಹೀಗೆಯೇ: ಇಷ್ಟು ದಂಡೆ, ಇಷ್ಟು ಬಸ್ಕಿ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವಾಗ ಸುತ್ತ ನಿಂತವರು ನೋಡುವುದು ಕಲ್ಲು ನೆಲ ಬಿಟ್ಟಿತೇ ಎಂಬುದನ್ನು. 5 ಕೆ.ಜಿ. ಡಂಬಲ್‌ನಿಂದ ಶುರು ಮಾಡಿದ ಆ ಹೊಸಬರು ಬಿಡದೆ ಹೋದರೆ ಕೆಲವು ತಿಂಗಳಲ್ಲಿ 10 ಕೆ.ಜಿ. ಎತ್ತಿಯಾರು. ಮೈತೂಕ ಅಷ್ಟೇ ಇದ್ದರೆ ಆ್ಯಪ್ ಅಂದೂ 184 ಎಂದೇ ಹೇಳುತ್ತದೆ. 5 ಹತ್ತಾದದ್ದು ಅವರ ನೋಟ್‌ಬುಕ್‌ನಲ್ಲಿರುತ್ತದೆ.