ರಕ್ಷಾಕವಾಟಗಳ ಪುನಃಸ್ಥಾಪನೆ

ಮುಚ್ಚಿದ ಪಾತ್ರೆಯಲ್ಲಿ ದ್ರವವನ್ನು ಕಾಯಿಸಿದರೆ ಒಳಗಿನ ಒತ್ತಡವು ಏರುತ್ತ ಹೋಗುವುದು. ಪಾತ್ರೆಯು ತಾಳಬಲ್ಲ ಮಿತಿಯನ್ನು ಅದು ಮೀರುವ ಮುನ್ನವೇ ತಾನಾಗಿ ತೆರೆದುಕೊಂಡು ಒತ್ತಡವನ್ನು ಇಳಿಸುವ ಉಪಕರಣವೇ ರಕ್ಷಾಕವಾಟವು. ಡೆನಿ ಪಾಪಿನ್ ಎಂಬ ಫ್ರೆಂಚ್ ಪಂಡಿತನು ೧೬೮೧ರಲ್ಲಿ ವರ್ಣಿಸಿದ ಉಗಿಪಾತ್ರೆಯಲ್ಲಿಯೇ ಸನ್ನೆಗೋಲಿನ ಭಾರದಿಂದ ಅದುಮಿಟ್ಟ ಇಂತಹ ಕವಾಟವೊಂದಿದ್ದಿತು.

ಕಾರ್ಖಾನೆಗಳಲ್ಲಿ ಈ ಉಪಕರಣವನ್ನು ದುರಸ್ತಿಗಾಗಿ ಆಗಾಗ ಬೇರ್ಪಡಿಸಬೇಕಾಗುವುದು. ಅದಕ್ಕಾಗಿ ಪಾತ್ರೆಗೂ ಅದಕ್ಕೂ ನಡುವೆ ತಡೆಕವಾಟವನ್ನಿಡುವುದುಂಟು. ದುರಸ್ತಿಯು ಮುಗಿದ ಮಾತ್ರಕ್ಕೆ ರಕ್ಷಣೆಯು ಮರಳಿತೆಂದು ಭಾವಿಸುವುದೇ ಇಲ್ಲಿಯ ಅಪಾಯವು.

೨೦೦೮ರ ಜೂನ್ ೧೦ರಂದು ಅಮೆರಿಕದ ಹ್ಯೂಸ್ಟನ್ ನಗರದ ಗುಡ್‌ಇಯರ್ ಕೃತಕ ರಬ್ಬರಿನ ಕಾರ್ಖಾನೆಯಲ್ಲಿ, ಅಮೋನಿಯಾ ತುಂಬಿದ ಉಷ್ಣವಿನಿಮಯ ಪಾತ್ರೆಯೊಂದರ ರಕ್ಷಾಕವಾಟದ ಕೆಳಗಿದ್ದ ಒಡೆಬಿಲ್ಲೆಯನ್ನು, ಎಂದರೆ ಗೊತ್ತಾದ ಒತ್ತಡದಲ್ಲಿ ಹರಿಯುವ ತೆಳುವಾದ ತಗಡನ್ನು, ಬದಲಾಯಿಸಿದರು. ಹೊಸ ಬಿಲ್ಲೆಯು ಕೂಡಿತು. ಆದರೆ ಮುಚ್ಚಿದ್ದ ತಡೆಕವಾಟವು ಮುಚ್ಚಿಯೇ ಉಳಿಯಿತು. ಮರುದಿನ ಬೆಳಗ್ಗೆ ಒತ್ತಡವನ್ನು ನಿಯಂತ್ರಿಸುವ ಇನ್ನೊಂದು ಮಾರ್ಗವನ್ನೂ ಮುಚ್ಚಿ, ಕೊಳವೆಗಳನ್ನು ತೊಳೆಯಲು ಉಗಿಯನ್ನು ಬಿಟ್ಟರು. ಉಗಿಯ ಶಾಖದಿಂದ ಕಾದ ಅಮೋನಿಯಾಕ್ಕೆ ಹೊರಬರಲು ದಾರಿಯೇ ಇಲ್ಲದೆ ಪಾತ್ರೆಯು ಸಿಡಿದು, ಸಮೀಪದಲ್ಲಿ ಹೋಗುತ್ತಿದ್ದ ಕೆಲಸಗಾರರೊಬ್ಬರು ಮೃತರಾದರು.

೧೯೮೮ರ ಜುಲೈ ೬ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲವೇದಿಕೆಯಲ್ಲಿ ಪಂಪೊಂದರ ರಕ್ಷಾಕವಾಟವನ್ನೇ ಬಿಚ್ಚಿ, ಆ ಸ್ಥಾನಕ್ಕೆ ಮುಚ್ಚುಫಲಕವನ್ನು ಇಟ್ಟಿದ್ದರು. ಈ ಸಂಗತಿಯನ್ನರಿಯದ ರಾತ್ರಿಯ ಸರದಿಯವರು ಪಂಪನ್ನು ನಡೆಸಲು ಹೊರಟರು. ಫಲಕದೆಡೆಯಿಂದ ಸೋರಿದ ಅನಿಲವು ಹೊತ್ತಿಕೊಂಡು, ಆ ದುರಂತದಲ್ಲಿ ೧೬೭ ಮಂದಿ ಮಡಿದರು.

ಇವೆರಡರಿಂದಲೂ ಪುನಃಸ್ಥಾಪನೆಯ ಕ್ರಮವು ಸ್ಪಷ್ಟವಾಗುವುದು. ಬೇರ್ಪಡಿಸಿದ ಕಾಲದಲ್ಲೆಲ್ಲ ಪಾತ್ರೆಗೆ ಮತ್ತೊಂದು ರಕ್ಷಾಕವಾಟವಾಗಲಿ, ಮಾಪಕವನ್ನು ನೋಡುತ್ತ ಒತ್ತಡವನ್ನು ಇಳಿಸಬಲ್ಲ ಕಾವಲುಗಾರನಾಗಲಿ ಇರತಕ್ಕದ್ದು. ದುರಸ್ತಿಯ ತರುವಾಯ ಪರೀಕ್ಷೆಗಾಗಿ ಹಾಕಿದ ಬಿಗಿತಿರುಪು, ಬಿರಡೆ, ಮುಚ್ಚುಫಲಕಗಳೆಲ್ಲವನ್ನೂ ಎಣಿಸಿ ತೆಗೆಯಬೇಕು. ಬಳಿಕ ಹೊರದಾರಿಯ ತಡೆಕವಾಟವನ್ನು ಮೊದಲು, ಒಳದಾರಿಯದನ್ನು ಅನಂತರ ತೆರೆಯತಕ್ಕದ್ದು. ಇದಕ್ಕೆ ಕಾರಣವೇನೆಂದರೆ, ಹೊರಗಣ ಕೊಳವೆಯು ಸಾಮಾನ್ಯವಾಗಿ ಕಡಮೆ ಒತ್ತಡಕ್ಕೆ ರಚಿತವಾದುದು; ಅದರ ಬಾಯಿ ಮುಚ್ಚಿರುವಾಗ ಪಾತ್ರೆಯ ಒತ್ತಡವು ಅದರೊಳಕ್ಕೆ ಸೋರಿದರೆ ಅದೇ ಒಡೆದೀತು. ತಡೆಕವಾಟಗಳನ್ನು ಪೂರ್ಣವಾಗಿ ತೆರೆಯುವುದೂ ಅವಶ್ಯಕ. ಒಳದಾರಿಯು ಅರೆತೆರೆದಿದ್ದರೆ ಹರಿವು ಕುಗ್ಗಿ, ರಕ್ಷಾಕವಾಟವು ಕ್ಷಣಕ್ಷಣಕ್ಕೂ ತೆರೆದು ಮುಚ್ಚುತ್ತ ಬಡಿದುಕೊಂಡು ಕೆಡುವುದು. ತೆರೆದ ಸ್ಥಿತಿಯಲ್ಲಿಯೇ ಬೀಗವನ್ನಿಟ್ಟು, ಕೆಲಸ ಮಾಡಿದವನಲ್ಲದೆ ಬೇರೊಬ್ಬನು ಸ್ಥಳದಲ್ಲಿಯೇ ನೋಡಿ ದಾಖಲೆಯಲ್ಲಿ ಬರೆಯಬೇಕು. ಆ ಬರಹವು ಮುಂದಿನ ಸರದಿಯವರ ಕೈಸೇರಿದ ಮೇಲೆಯೇ ಕಾವಲನ್ನು ತೆಗೆಯತಕ್ಕದ್ದು.

ಮುಚ್ಚಿಹೋದ ರಕ್ಷಾಮಾರ್ಗವು ಯಾವ ಸದ್ದನ್ನೂ ಮಾಡದು. ಯಂತ್ರವು ಎಂದಿನಂತೆ ನಡೆಯುತ್ತಲೇ ಇರುವುದು. ಆದಕಾರಣ, ಒತ್ತಡವೇ ಪರೀಕ್ಷೆಮಾಡುವ ಮೊದಲು ಮನುಷ್ಯನು ಪರೀಕ್ಷೆಮಾಡುವುದು ಲೇಸು.